ಓಟು ಕೇಳಲು ಬಂದವರು ಮನಸ್ಸಿನ ಬಗ್ಗೆ ಕೇಳಿದರು

ಏಪ್ರಿಲ್ ಕೊನೆಯ ಶನಿವಾರ. ದಾವಣಗೆರೆಯಿಂದ ಅಮ್ಮ ಕಳಿಸಿದ್ದ ಮಂಡಕ್ಕಿ ನೆನೆಹಾಕಿ, ಒಗ್ಗರಣೆಗೆ ಎಣ್ಣೆ ಇಟ್ಟಿದ್ದೆ. ಯಾರೋ ಬಾಗಿಲು ತಟ್ಟಿದರು. ಹೊರಗೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಕರಪತ್ರ ಹಿಡಿದು ನಿಂತಿದ್ದರು. ಮೇ ತಿಂಗಳ ಕೌನ್ಸಿಲ್, ಅಂದರೆ ಇಲ್ಲಿನ ನಗರಪಾಲಿಕೆಯ, ಚುನಾವಣೆಗೆ ನಮ್ಮ ವಾರ್ಡಿನಿಂದ ನಿಂತವರು. ಹಿಂದೆ ಮಾನಸಿಕ ಆರೋಗ್ಯದ ನರ್ಸ್ ಆಗಿದ್ದರಂತೆ.

ಕಸ, ಪಾರ್ಕಿಂಗ್, ರಸ್ತೆ ಗುಂಡಿ ಅಂತ ಏನಾದರೂ ಹೇಳುತ್ತಾರೆ ಅಂದುಕೊಂಡೆ. ಅವರು ಕೇಳಿದ್ದೇ ಬೇರೆ. "ನಿಮ್ಮ ಮನೆಯಲ್ಲಿ ಯಾರಾದರೂ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಬೇಕು ಅಂತ ಕಾಯುತ್ತಿದ್ದಾರಾ?"

ನಾನು ಒಳಗೆ ಹೋಗಿ ಒಲೆ ಆರಿಸಿ ಬಂದೆ. ಯಾಕೆಂದರೆ ಎರಡು ವರ್ಷದ ಹಿಂದೆ ಹಾಗೆ ಕಾದವಳು ನಾನೇ.

ನಾವಿರುವುದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ. ಹತ್ತಿ ಗಿರಣಿಗಳ ಕಾಲದಲ್ಲಿ ನಮ್ಮ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದರು. ಆ ಹೆಸರಿನ ಊರಿಗೇ ಬಂದು ಸೇರಿದ್ದೇನೆ. ನನ್ನದು ಇನ್ನೂ ಭಾರತದ ಪಾಸ್‌ಪೋರ್ಟ್. ಆದರೂ ಕಾಮನ್‌ವೆಲ್ತ್ ದೇಶದವಳಾದ್ದರಿಂದ ಇಲ್ಲಿ ನನಗೆ ಓಟಿದೆ.

ಮಗಳು ಹುಟ್ಟಿದ್ದು ನವೆಂಬರಿನಲ್ಲಿ. ಡಿಸೆಂಬರಿನಲ್ಲಿ ಇಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಅಮ್ಮನ ವೀಸಾ ತಡವಾಯಿತು, ಬಾಣಂತನಕ್ಕೆ ಯಾರೂ ಇರಲಿಲ್ಲ. ಇವರು ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ನಾನು, ಮಗು, ಕಿಟಕಿಯ ಆಚೆ ಕತ್ತಲೆ. ಮಗು ಮಲಗಿದರೂ ನನಗೆ ನಿದ್ದೆ ಇಲ್ಲ. ಹಸಿವಿಲ್ಲ. ಮಗು ಅತ್ತರೆ ಎತ್ತಿಕೊಳ್ಳುವುದಕ್ಕೂ ಭಯ. ಎದೆಯ ಮೇಲೆ ಯಾರೋ ರುಬ್ಬುಗುಂಡು ಇಟ್ಟ ಹಾಗೆ ಇರುತ್ತಿತ್ತು.

ಮಗುವಿನ ತೂಕ ನೋಡಲು ಮನೆಗೆ ಬರುವ ಹೆಲ್ತ್ ವಿಸಿಟರ್ ಒಂದು ದಿನ ನನ್ನನ್ನೇ ಕೇಳಿದರು: ಈ ತಿಂಗಳು ಮನಸ್ಸು ಕುಗ್ಗಿದ ಹಾಗೆ, ಯಾವುದೂ ಬೇಡ ಅನ್ನಿಸಿದ ಹಾಗೆ ಆಗಿದೆಯಾ ಅಂತ. "ಐ ಆಮ್ ಫೈನ್" ಅಂದೆ. ಮುಂದಿನ ವಾರ ಬಂದಾಗ ಮತ್ತೆ ಅದನ್ನೇ ಕೇಳಿದರು. ಆ ಸಲ ನನ್ನಿಂದ ತಡೆಯಲಾಗಲಿಲ್ಲ, ಅತ್ತುಬಿಟ್ಟೆ.

ಚಿಕಿತ್ಸೆ ಕೊಡುವವರಿಂದ ಮೊದಲ ಫೋನು ಬೇಗ ಬಂತು. ಆಮೇಲೆ ಶುರುವಾಯಿತು ಕಾಯುವುದು. ಯುಗಾದಿ ಬಂದು ಹೋಯಿತು, ಕೂತು ಮಾತಾಡುವ ಸರದಿ ಬರಲಿಲ್ಲ. ಕೊನೆಗೆ ಬಂದಾಗ ಇನ್ನೊಂದು ತೊಡಕು. ಕೆಲಸದ ಇಂಗ್ಲಿಷ್ ನನಗೆ ಚೆನ್ನಾಗಿ ಬರುತ್ತದೆ. ಆದರೆ "ಹೊಟ್ಟೆಯೊಳಗೆ ಸಂಕಟ", "ಜೀವಕ್ಕೆ ನೆಮ್ಮದಿ ಇಲ್ಲ" ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಳಿದರೆ ಅದು ನನ್ನ ಸಂಕಟವೇ ಅಲ್ಲ ಅನ್ನಿಸುತ್ತಿತ್ತು. ದುಭಾಷಿ ಬೇಕಾ ಅಂದರು. ಸಿಕ್ಕವರು ಹಿಂದಿಯವರು. ಆದರೂ ನಿಧಾನಕ್ಕೆ ಗುಣವಾಯಿತು. ಇದನ್ನು ಒತ್ತಿ ಹೇಳುತ್ತೇನೆ: ಇದು ಗುಣವಾಗುವ ಕಾಯಿಲೆ.

ಆಗಲೇ ಅಮ್ಮ ಫೋನಿನಲ್ಲಿ ಇಷ್ಟು ವರ್ಷ ಹೇಳದ ಮಾತೊಂದನ್ನು ಹೇಳಿದ್ದು. "ನಿನ್ನ ದೊಡ್ಡಮ್ಮಂಗೂ ಹಿಂಗೇ ಆಗಿತ್ತು ಕಣವ್ವ. ಇನ್ನೂ ಜಾಸ್ತಿ. ಬಾಣಂತಿ ಸನ್ನಿ ಅಂತಿದ್ರು."

ದೊಡ್ಡಮ್ಮನ ಮನೆ ಹರಪನಹಳ್ಳಿ ಹತ್ತಿರದ ಹಳ್ಳಿ. 1988ರಲ್ಲಿ ಅಣ್ಣ ಹುಟ್ಟಿದಾಗ ಅವರು ತಮ್ಮಷ್ಟಕ್ಕೆ ಮಾತಾಡುತ್ತಿದ್ದರಂತೆ, ಮಗು ನನ್ನದಲ್ಲ ಅನ್ನುತ್ತಿದ್ದರಂತೆ. ಗಾಳಿ ಸೋಕಿದೆ ಅಂತ ಉಕ್ಕಡಗಾತ್ರಿಯ ಕರಿಬಸವೇಶ್ವರ ಅಜ್ಜಯ್ಯನ ಗುಡಿಗೆ ಕರೆದುಕೊಂಡು ಹೋದರು. ಅಜ್ಜಯ್ಯನ ಮೇಲೆ ನಮ್ಮ ಮನೆಯವರಿಗೆ ಆಗಲೂ ನಂಬಿಕೆ, ಈಗಲೂ ನಂಬಿಕೆ. ಆದರೆ ಕಾಯಿಲೆ ಗುರುತಿಸಿ ಮಾತ್ರೆ ಕೊಟ್ಟವರು ದೊಡ್ಡಮ್ಮನ ಊರಿನ ಹತ್ತಿರದ ಸರ್ಕಾರಿ ಆಸ್ಪತ್ರೆಯ ಸಾದಾ ಡಾಕ್ಟರು. ಅವರು ಮನೋವೈದ್ಯರೂ ಅಲ್ಲ.

ಅವರಿಗೆ ಹೇಗೆ ಗೊತ್ತಾಯಿತು ಅಂತ ಹುಡುಕುತ್ತಾ ಹೋದೆ. ಹರಪನಹಳ್ಳಿ ಆಗ ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಬಂತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. 1985ರಿಂದ 1990ರವರೆಗೆ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ದೊಡ್ಡ ಕೆಲಸ ಮಾಡಿದ್ದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ಮನಸ್ಸಿನ ಕಾಯಿಲೆ ಗುರುತಿಸುವ ತರಬೇತಿ ಕೊಟ್ಟರು. ಮುಖ್ಯವಾದ ಮಾತ್ರೆಗಳು ಅಲ್ಲೇ ಸಿಗುವ ಹಾಗೆ ಮಾಡಿದರು. ರೋಗಿಯನ್ನು ಬೆಂಗಳೂರಿಗೆ ಕರೆಸುವ ಬದಲು ಚಿಕಿತ್ಸೆಯನ್ನೇ ಊರಿಗೆ ತಂದರು. 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದಾಗ ಅದಕ್ಕೆ ಮಾದರಿಯಾಗಿದ್ದು ಇದೇ ಬಳ್ಳಾರಿ.

ಇದೆಲ್ಲವನ್ನೂ ಬಾಗಿಲಲ್ಲೇ ನಿಂತು ಆ ಅಭ್ಯರ್ಥಿಗೆ ಹೇಳಿದೆ. ಅವರು ಅವಸರ ಮಾಡಲಿಲ್ಲ. ಬಳ್ಳಾರಿ ಅಂತ ಹೇಗೆ ಬರೆಯುವುದು ಕೇಳಿ, ಕರಪತ್ರದ ಹಿಂದೆ ಬರೆದುಕೊಂಡರು.

ಅವರು ಹೊಸ ಆಸ್ಪತ್ರೆ ಕಟ್ಟಿಸುತ್ತೇನೆ ಅನ್ನಲಿಲ್ಲ. ಆಸ್ಪತ್ರೆಗಳು ಎನ್‌ಎಚ್‌ಎಸ್ ಅನ್ನುವ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯವು, ಕೌನ್ಸಿಲರ್ ಕೈಯಲ್ಲಿಲ್ಲ ಅಂತ ನೇರವಾಗಿ ಹೇಳಿದರು. ಆದರೆ 2013ರಿಂದ ಸಾರ್ವಜನಿಕ ಆರೋಗ್ಯದ ಹೊಣೆ ಕೌನ್ಸಿಲ್‌ನದು. ಆರೋಗ್ಯ ಅಧಿಕಾರಿಗಳನ್ನು ಸಮಿತಿಯ ಮುಂದೆ ಕರೆಸಿ, ಜನ ಯಾಕೆ ಇಷ್ಟು ಕಾಯಬೇಕು ಅಂತ ಕೌನ್ಸಿಲರುಗಳು ಕೇಳಬಹುದು. ಅದನ್ನು ಬಿಡದೆ ಕೇಳುತ್ತೇನೆ ಅಂದರು. ಜೊತೆಗೆ ವಾರ್ಡಿನ ಲೈಬ್ರರಿಯಲ್ಲಿ ವಾರಕ್ಕೊಂದು ಸಂಜೆ ತರಬೇತಿ ಪಡೆದವರೊಬ್ಬರು ಕೂರಬೇಕು, ಅಪಾಯಿಂಟ್‌ಮೆಂಟ್ ಇಲ್ಲದೆ ಯಾರು ಬೇಕಾದರೂ ಹೋಗಿ ಮಾತಾಡಬೇಕು. ಅವರು ಕೇಳುತ್ತಿದ್ದದ್ದು ಅಷ್ಟೇ. ನನಗೆ ಅದಕ್ಕೇ ನಂಬಿಕೆ ಬಂತು.

ದಾವಣಗೆರೆಯ ನಮ್ಮ ಪಾಲಿಕೆ ಚುನಾವಣೆ ನೆನಪಾಯಿತು. ನೀರು, ಚರಂಡಿ, ಬೀದಿ ದೀಪ ಕೇಳುತ್ತೇವೆ. ಕೇಳಲೇಬೇಕು. ಆದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಮಾತ್ರೆಗಳು ಪ್ರತಿ ತಿಂಗಳೂ ಸಿಗುತ್ತವಾ ಅಂತ ನಮ್ಮ ಬೀದಿಯಲ್ಲಿ ಯಾರೂ ಕೇಳಿದ್ದನ್ನು ನಾನು ನೋಡಿಲ್ಲ. ಸರ್ಕಾರದ ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆ ಪಡೆಯುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ನಮ್ಮ ಹಕ್ಕು. 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೊಡ್ಡವರಲ್ಲಿ ನೂರಕ್ಕೆ 10ಕ್ಕಿಂತ ಜಾಸ್ತಿ ಜನರಿಗೆ ಯಾವುದಾದರೂ ಮನಸ್ಸಿನ ಕಾಯಿಲೆ ಇದೆ. ಅಂದರೆ ಪ್ರತಿ ಓಣಿಯಲ್ಲೂ ಇದ್ದಾರೆ, ಅಲ್ವಾ? ಬಾಣಂತಿ ಮನೆಗೆ ಬರುವ ಆಶಾ ಅಕ್ಕ "ಮಗು ಹಾಲು ಕುಡೀತಾ?" ಅಂತ ಕೇಳುವ ಜೊತೆಗೇ "ನಿನ್ನ ಮನಸ್ಸು ಹೆಂಗಿದೆ?" ಅಂತಲೂ ಕೇಳಬೇಕು. ನನ್ನನ್ನು ಉಳಿಸಿದ್ದು ಎರಡು ಸಲ ಕೇಳಿದ ಆ ಪ್ರಶ್ನೆ.

ಇದನ್ನು ಓದುವವರಲ್ಲಿ ಯಾರಿಗಾದರೂ ಈಗಲೇ ಬೇಕಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಮನಸ್ಸಿನ ಆರೋಗ್ಯಕ್ಕಾಗಿ ಇರುವ ಸರ್ಕಾರಿ ಸಹಾಯವಾಣಿ. 2022ರ ಅಕ್ಟೋಬರಿನಲ್ಲಿ ಶುರುವಾಗಿದ್ದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಚುನಾವಣೆಯ ದಿನ ಮಗಳನ್ನು ಎತ್ತಿಕೊಂಡು ಹೋಗಿ ಪೆನ್ಸಿಲಿನಿಂದ ಗುರುತು ಹಾಕಿ ಬಂದೆ. ಇಲ್ಲಿ ಬೆರಳಿಗೆ ಶಾಯಿ ಇಲ್ಲ. ಅವರು ಸೋತರು. ನನಗೆ ನಿಜವಾಗಿ ಬೇಜಾರಾಯಿತು.

ಎರಡು ವಾರದ ಮೇಲೆ ಮತ್ತೆ ಬಾಗಿಲು ತಟ್ಟಿದರು. ಲೈಬ್ರರಿಯಲ್ಲಿ ಒಂದು ಸಭೆ ಕರೆದಿದ್ದಾರೆ, ಸಂಜೆಯ ಆ ವ್ಯವಸ್ಥೆಗಾಗಿ ಒತ್ತಾಯ ಮಾಡಲು. ಬಂದು ಬಳ್ಳಾರಿಯ ವಿಷಯ ಹೇಳ್ತೀರಾ ಅಂದರು. ಒಪ್ಪಿಕೊಳ್ಳುವ ಮುಂಚೆ ಹರಪನಹಳ್ಳಿಗೆ ಫೋನ್ ಮಾಡಿ ದೊಡ್ಡಮ್ಮನನ್ನು ಕೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇರಲಿಲ್ಲ.

"ನನ್ನ ಹೆಸ್ರು ಹೇಳಬ್ಯಾಡ," ಅಂದರು. "ಆದ್ರ ಮಾತ್ರೆ ತಗಂಡು ಆರಾಮಾದ್ಲು, ಆಮ್ಯಾಲೆ ಇನ್ನೂ ಎರಡು ಮಕ್ಕಳನ್ನ ಹೆತ್ತು ಸಾಕಿದ್ಲು ಅಂತ ಹೇಳು."