ಹುಲಿಕೆರೆಯಲ್ಲಿ ಮುಳುಗಿದ ಡೆಮೊ

ಕಳೆದ ತಿಂಗಳು ಮೈಸೂರಿನಿಂದ ಮಂಡ್ಯಕ್ಕೆ ಡೆಮೊ ಕೊಡಲು ಹೋಗಿದ್ದೆ. ಉಪಗ್ರಹ ಚಿತ್ರ ನೋಡಿ ವಿಸಿ (ವಿಶ್ವೇಶ್ವರಯ್ಯ) ನಾಲೆಯ ಜಾಲವನ್ನು ನಮ್ಮ ಯು-ನೆಟ್ ಅನ್ನುವ ಎಐ ಮಾಡೆಲ್ ತಾನೇ ಬರೆಯುತ್ತದೆ. ಮೊದಲಿನ ಮಾಡೆಲ್‌ನಲ್ಲಿ ಹೊಂಗೆ ಮರದ ನೆರಳು ಬಿದ್ದಲ್ಲೆಲ್ಲ ನಾಲೆ ತುಂಡಾಗುತ್ತಿತ್ತು. ಆದರೂ ಡೈಸ್ ಸ್ಕೋರ್ (ಮಾಡೆಲ್ ಬರೆದದ್ದು ಸರಿಯುತ್ತರದ ಜೊತೆ ಎಷ್ಟು ಹೊಂದುತ್ತದೆ ಅನ್ನುವ ಅಂಕ, ಪೂರ್ತಿ ಹೊಂದಿದರೆ 1) 0.93! ನಾಲ್ಕು ಪಿಕ್ಸೆಲ್ ಹೋದರೆ ಡೈಸ್‌ಗೇನು, ನೀರು ನಿಲ್ಲುವುದು ರೈತನಿಗೆ ಅಲ್ವಾ. ಅದಕ್ಕೇ 2021ರ ಸಿಎಲ್‌ಡೈಸ್ ಲಾಸ್ (ಕಲಿಯುವಾಗ ಮಾಡೆಲ್ ಮಾಡುವ ತಪ್ಪು ಅಳೆಯುವ ಸೂತ್ರ) ಸೇರಿಸಿದೆ. ಅದು ನಾಲೆಯ ಅಗಲಕ್ಕಿಂತ ಸ್ಕೆಲಿಟನ್, ಅಂದರೆ ನಡುಗೆರೆ, ಕಡಿಯದೆ ಸಾಗಿದೆಯಾ ಅಂತ ನೋಡುತ್ತದೆ. ತುಂಡುಗಳು ಕೂಡಿಕೊಂಡವು, ಬೆಟ್ಟಿ ಎರರ್ (ತುಂಡು, ಕುಣಿಕೆಗಳ ಎಣಿಕೆಯಲ್ಲಿ ಸರಿಯುತ್ತರಕ್ಕೂ ಮಾಡೆಲ್‌ಗೂ ಇರುವ ವ್ಯತ್ಯಾಸ) ಸೊನ್ನೆಗೆ ಬಂತು, ನನ್ನ ಜಂಬ ಏರಿತು.

ನಾಲೆ ಕೆಲಸದಲ್ಲೇ ತಲೆ ನರೆತ ಇಂಜಿನಿಯರೊಬ್ಬರು ಸ್ಕೋರಿನ ಸ್ಲೈಡ್ ನೋಡಲೇ ಇಲ್ಲ. "ಕೆಆರ್‌ಎಸ್‌ನಲ್ಲಿ ನೀರು ಬಿಡಿ, ಎಲ್ಲಿವರೆಗೆ ಹೋಗುತ್ತೆ ನೋಡೋಣ" ಅಂದರು. ಕ್ಲಿಕ್ ಮಾಡಿದೆ. ನೀಲಿ ಗೆರೆ ಓಡಿತು, ಓಡಿತು, ಹುಲಿಕೆರೆ ಹತ್ತಿರ ಗಕ್ಕನೆ ನಿಂತಿತು.

ಮೂರು ಸಲ ರಿಫ್ರೆಶ್ ಮಾಡಿದೆ. ಸರ್ವರ್ ಸ್ಲೋ ಅಂದೆ. ಯಾರೂ ಮಾತಾಡಲಿಲ್ಲ, ಫ್ಯಾನ್ ಸದ್ದು ಮಾತ್ರ. ಸುಮ್ನೆ ಇರಬಹುದಿತ್ತು, ಆದರೆ ಬಾಯಿ ಕೇಳಬೇಕಲ್ಲ, "ಬಹುಶಃ ನಾಲೆ ಇಲ್ಲಿಗೇ ಮುಗಿಯುತ್ತೆ ಸರ್" ಅಂದುಬಿಟ್ಟೆ.

"ಹಂಗಾದ್ರೆ ಮದ್ದೂರಿನೋರು ಇಷ್ಟು ವರ್ಷ ಯಾವ ನೀರಲ್ಲಿ ಭತ್ತ ಬೆಳೆದ್ರು?"

ಅಲ್ಲಿ ನಾಲೆ ಸುರಂಗದೊಳಗೆ ಇಳಿಯುತ್ತದೆ. ಕಿಲೋಮೀಟರುಗಟ್ಟಲೆ ಭೂಮಿಯೊಳಗೇ ಹೋಗಿ ಆಚೆ ಏಳುತ್ತದೆ. ಮಂಡ್ಯದಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಇನ್ನೂ ಚುಚ್ಚುವುದು ಬೇರೆ ವಿಷಯ. ಮಾಡೆಲ್‌ಗೆ ಕಲಿಸಲು ಚಿತ್ರಗಳ ಮೇಲೆ ನಾಲೆ ಗುರುತಿಸಿ ಲೇಬಲ್ ಮಾಡುವಾಗಲೇ ನಮ್ಮ ಹುಡುಗಿಯೊಬ್ಬಳು "ನಾಲೆ ಇಲ್ಲಿ ಮಾಯ ಆಗಿದೆ, ಸೇರಿಸಲಾ?" ಅಂತ ಕೇಳಿದ್ದಳು. "ಕಂಡಷ್ಟು ಮಾತ್ರ ಬರಿ" ಅಂದವನು ನಾನೇ. ಗ್ರೌಂಡ್ ಟ್ರೂತ್‌ನಲ್ಲೇ, ಅಂದರೆ ನಾವು ಬರೆದುಕೊಟ್ಟ ಸರಿಯುತ್ತರದಲ್ಲೇ, ಎರಡು ತುಂಡು, ಮಾಡೆಲ್ ಬರೆದದ್ದೂ ಎರಡು ತುಂಡು. ಎರರ್ ಸೊನ್ನೆ ಬಾರದೆ ಇನ್ನೇನು ಬರುತ್ತದೆ?

ವಾಪಸ್ ಬಂದರೆ ಮ್ಯಾನೇಜರ್ ಸಲಹೆ, "ಡಿಫ್ಯೂಷನ್ ಹಾಕಿ ಗ್ಯಾಪ್ ತುಂಬಿಸಿ." ಚಿತ್ರವನ್ನು ತಾನೇ ಹುಟ್ಟಿಸುವ ಆ ಮಾಡೆಲ್ ಹಾಕಿದೆವು. ದಿಬ್ಬದ ಮೇಲೆ ಚೆಂದದ ನಾಲೆಯೊಂದನ್ನು ಬರೆದುಕೊಟ್ಟಿತು, ಏರಿ ಸಮೇತ! ಟೋಪಾಲಜಿ (ಯಾವುದು ಯಾವುದಕ್ಕೆ ಕೂಡಿದೆ ಅನ್ನುವ ಲೆಕ್ಕ) ಪ್ರಕಾರ ಸರಿ, ಒಂದೇ ತುಂಡು. ನೀರು ದಿಬ್ಬ ಹತ್ತಬೇಕು ಅಷ್ಟೇ.

ಕೊನೆಗೆ ಇಂಜಿನಿಯರಿಗೇ ಫೋನ್ ಮಾಡಿ, ಸುರಂಗದ ಎರಡು ಬಾಯಿ ಎಲ್ಲಿವೆ ಅಂತ ಕೇಳಿಕೊಂಡು, ಸಿಎಸ್‌ವಿ ಫೈಲಿಗೆ ಕೈಯಲ್ಲೇ ಒಂದು ಸಾಲು ಸೇರಿಸಿದೆ. ಐದು ನಿಮಿಷದ ಕೆಲಸ. ಆಫೀಸಿನಲ್ಲಿ ಈ ದೋಷದ ಟಿಕೆಟ್ ಮಾತ್ರ ಇನ್ನೂ ಓಪನ್ ಇದೆ. ಕೆಳಗೆ ಮ್ಯಾನೇಜರ್ ಕಮೆಂಟ್: "ಸುರಂಗದ ಇಮೇಜ್ ಜಾಸ್ತಿ ಹಾಕಿ ಟ್ರೈನ್ ಮಾಡಿ."