ಮಾಂಟೆ ಬೆಲ್ಲೊ ಬೆಟ್ಟದ ವೈನಿಗೆ ಅಂಕ ಕೊಡುವಾಗ

ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೊ ಸುತ್ತಮುತ್ತ ನೆಲೆಸಿರುವ ಕನ್ನಡಿಗರಿಗೆ ಪಶ್ಚಿಮದ ಬೆಟ್ಟಸಾಲು ದಿನನಿತ್ಯದ ನೋಟ. ಜಗತ್ತಿನ ಶ್ರೇಷ್ಠ ಕೆಂಪು ವೈನ್‌ಗಳಲ್ಲೊಂದು ಹುಟ್ಟುವುದು ಅದರ ನೆತ್ತಿಯಲ್ಲೇ. ಕಳೆದ ಶರತ್ಕಾಲದ ಒಂದು ಶನಿವಾರ, ವೈನ್ ಮುಟ್ಟದ ಗೆಳೆಯ ಕಾರು ಓಡಿಸಲು ಒಪ್ಪಿದ್ದರಿಂದ, ರಿಡ್ಜ್ ವೈನರಿಯ ಮಾಂಟೆ ಬೆಲ್ಲೊ ತೋಟಕ್ಕೆ ಹೋದೆ. ಸ್ಟೀವನ್ಸ್ ಕ್ರೀಕ್ ಜಲಾಶಯ ದಾಟಿದ ಮೇಲೆ ರಸ್ತೆ ಕಿರಿದಾಗುತ್ತದೆ, ತಿರುವುಗಳು ಮುಗಿಯುವುದೇ ಇಲ್ಲ.

1885ರಲ್ಲಿ ಓಸಿಯಾ ಪೆರೋನೆ ಎಂಬ ವೈದ್ಯರು ಇಲ್ಲಿ ಜಮೀನು ಕೊಂಡು, ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಬಳ್ಳಿ ನೆಟ್ಟರು. ತೋಟ ಸುಮಾರು 1,300 ಅಡಿಯಿಂದ 2,700 ಅಡಿ ಎತ್ತರದವರೆಗೆ ಹಬ್ಬಿದೆ. ಪೆಸಿಫಿಕ್ ಸಾಗರ 15 ಮೈಲಿಯಷ್ಟೇ ದೂರವಾದ್ದರಿಂದ ಗಾಳಿ ತಂಪು. ನೆಲದಡಿ ಒಡೆದ ಸುಣ್ಣಕಲ್ಲು. ಅಂಚಿನ ಸಾಲಿನಲ್ಲಿ ಇನ್ನೂ ಕೊಯ್ಯದ ಗೊಂಚಲುಗಳಿದ್ದವು. ಕಾಯಿ ಸಣ್ಣದು, ಸಿಪ್ಪೆ ದಪ್ಪ. ರಸಕ್ಕಿಂತ ಸಿಪ್ಪೆಯ ಪಾಲು ಹೆಚ್ಚಾದಷ್ಟೂ ವೈನಿನಲ್ಲಿ ಒಗರು ಹೆಚ್ಚು. ಬೆಟ್ಟದ ವೈನಿನ ಗುಣವೆಲ್ಲ ಅಲ್ಲಿಂದಲೇ ಶುರು.

ನಾನು 20ಕ್ಕೆ ಅಂಕ ಹಾಕುವವನು. ಮೊದಲು ಬಂದದ್ದು ಗೈಸರ್‌ವಿಲ್, ಅದೇ ವೈನರಿ ಸೊನೋಮಾ ಪ್ರಾಂತ್ಯದಲ್ಲಿ ಮುಖ್ಯವಾಗಿ ಜಿನ್‌ಫ್ಯಾಂಡೆಲ್ ಎಂಬ ದ್ರಾಕ್ಷಿಯ ಹಳೆಯ ಬಳ್ಳಿಗಳಿಂದ ಮಾಡುವ ವೈನ್. ಮಾಗಿದ ಹಣ್ಣು, ಕರಿಮೆಣಸಿನ ಘಾಟು, ಮೊದಲ ಗುಟುಕಿಗೇ ಸ್ನೇಹ. 17 ಬರೆದೆ. ಆಮೇಲೆ ಬೆಟ್ಟದ್ದೇ ಆದ ಎಸ್ಟೇಟ್ ಕ್ಯಾಬರ್ನೆ, ಕ್ಯಾಬರ್ನೆ ಎಂಬ ಕಪ್ಪು ದ್ರಾಕ್ಷಿಯ ವೈನ್: ಅಚ್ಚುಕಟ್ಟು, 16.5.

ಮೂರನೆಯದು ತೋಟದ ಹೆಸರನ್ನೇ ಹೊತ್ತ ವೈನ್, ಎಳೆಯ ಮಾಂಟೆ ಬೆಲ್ಲೊ. ಅಮೆರಿಕದ ಓಕ್ ಪೀಪಾಯಿಯಲ್ಲಿ ಪಳಗಿದ ವೈನ್ ಅದು. ಮೂಗಿಗೆ ಒಣಕೊಬ್ಬರಿಯ ವಾಸನೆ, ಅದರಡಿ ಪೆನ್ಸಿಲ್ ಕೆತ್ತಿದ ವಾಸನೆ. ಬಾಯಿಗೆ ಬಿಟ್ಟರೆ, ಬಲಿಯದ ನೇರಳೆ ಹಣ್ಣು ಕಚ್ಚಿದಂತೆ ಒಸಡು, ನಾಲಿಗೆ ಎಲ್ಲ ಬಿಗಿದುಕೊಂಡವು. ಹಣ್ಣಿನ ರುಚಿ ಎಲ್ಲೋ ಒಳಗೆ ಬಾಗಿಲು ಹಾಕಿಕೊಂಡಿತ್ತು. ಆ ಕ್ಷಣದ ಅಂಕ 15.5. ಪಕ್ಕದಲ್ಲಿ ಗಂಟೆ ಬರೆದು ಲೋಟವನ್ನು ಬದಿಗಿಟ್ಟೆ.

ಹೀಗೆ ಗಂಟೆ ಬರೆದಿಡುವುದು ನನಗೆ ಮುಖ್ಯ. ಕ್ಯಾಲಿಫೋರ್ನಿಯಾ ಮತ್ತು ಫ್ರಾನ್ಸಿನ ವೈನ್‌ಗಳನ್ನು ಎದುರುಬದುರಿಟ್ಟ 1976ರ ಪ್ಯಾರಿಸ್ ರುಚಿಸ್ಪರ್ಧೆಯಲ್ಲಿ ಇದೇ ತೋಟದ 1971ರ ವೈನ್, ಹತ್ತು ಕೆಂಪು ವೈನ್‌ಗಳ ನಡುವೆ ಐದನೆಯದಾಯಿತು. ತೀರ್ಪುಗಾರರು ಫ್ರಾನ್ಸಿನ ಪಳಗಿದ ನಾಲಿಗೆಯವರು. ಅವರ ತೀರ್ಪನ್ನು ಅನುಮಾನಿಸಲು ಕಾರಣವಿಲ್ಲ. ಮೂವತ್ತು ವರ್ಷ ಕಳೆದು, 2006ರಲ್ಲಿ ಲಂಡನ್ ಮತ್ತು ಕ್ಯಾಲಿಫೋರ್ನಿಯಾದ ನಾಪಾದಲ್ಲಿ ಅದೇ ಹತ್ತು ವೈನ್‌ಗಳನ್ನು ಮತ್ತೆ ಸವಿದಾಗ ಅದೇ 1971 ಮೊದಲ ಸ್ಥಾನಕ್ಕೆ ಬಂತು. ಕಾಯುವ ಶಕ್ತಿ ಅದರ ಒಗರು, ಹುಳಿಗಳಲ್ಲೇ ಇತ್ತು. ಒಂದೇ ಗುಟುಕಿಗೆ ಅಂಕ ಕೊಟ್ಟು, ಅದನ್ನು ಅಂಗಡಿಯ ಕಪಾಟಿನಲ್ಲಿ ಶಾಶ್ವತವಾಗಿ ಅಂಟಿಸುವ ಪದ್ಧತಿ ಇಂಥ ವೈನಿಗೆ ಅನ್ಯಾಯ ಮಾಡುತ್ತದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಮೃದುವಾದದ್ದು ಬೇಗ ಗೆಲ್ಲುತ್ತದೆ, ಬೆಟ್ಟದ್ದು ಸೋಲುತ್ತದೆ.

ನಾಲ್ಕನೆಯದು ಹತ್ತು ವರ್ಷ ದಾಟಿದ ಮಾಂಟೆ ಬೆಲ್ಲೊ. ಲೋಟದ ಅಂಚಿನಲ್ಲಿ ವೈನಿನ ಕೆಂಪು, ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಕಪ್ಪು ದ್ರಾಕ್ಷಿಯ ಜೊತೆಗೆ ತಂಬಾಕಿನ ಎಲೆ, ಮಳೆ ಬಿದ್ದ ಮಣ್ಣು. ಒಗರು ಇತ್ತು, ಆದರೆ ಈಗ ಅದು ಹಣ್ಣನ್ನು ಹಿಡಿದು ನಿಲ್ಲಿಸಿತ್ತು. ನುಂಗಿದ ಮೇಲೂ ರುಚಿ ಬಹಳ ಹೊತ್ತು ಉಳಿಯಿತು. 19. ಪೂರ್ತಿ ಅಂಕ ಕೊಡಲು ಮನಸ್ಸು ಬಂದಿತ್ತು, ಹುಳಿ ತುಸು ಮುಂದಿದ್ದುದರಿಂದ ಒಂದನ್ನು ಹಿಡಿದುಕೊಂಡೆ.

ಆಮೇಲೆ ಎಳೆಯದಕ್ಕೆ ಮರಳಿದೆ. ಮುಕ್ಕಾಲು ಗಂಟೆಯ ಗಾಳಿಗೇ ಅದು ಸಡಿಲಗೊಂಡಿತ್ತು. ಕಪ್ಪು ಹಣ್ಣಿನ ರುಚಿ ನಾಲಿಗೆಯ ನಡುವಿಗೆ ಬಂದಿತ್ತು. 17.5 ಎಂದು ಎರಡನೇ ಅಂಕ ಬರೆದೆ. ಮೊದಲನೆಯದನ್ನು ಹೊಡೆದುಹಾಕಲಿಲ್ಲ, ಎರಡೂ ನಿಜ. ಗೈಸರ್‌ವಿಲ್ ಮಾತ್ರ 17ರಲ್ಲೇ ನಿಂತಿತ್ತು.

ಅಲ್ಲಿಗೆ ಹೋಗುವವರಿಗೆ ಒಂದು ಮಾತು: ಎಳೆಯ ಮಾಂಟೆ ಬೆಲ್ಲೊವನ್ನು ಮೊದಲೇ ಹಾಕಿಸಿಕೊಂಡು, ಕೊನೆಗೆ ಕುಡಿಯಿರಿ.