ವಿಸ್ಕಾನ್ಸಿನ್‌ನ ಜಿಂಕೆ ಬೇಟೆಗೆ ಹೊರಟಿದ್ದೀರಾ? ಕೋವಿ ಮುಟ್ಟುವ ಮುಂಚೆ ಇಷ್ಟು ತಿಳಿದಿರಲಿ

ನವೆಂಬರ್‌ನ ನಾಲ್ಕನೇ ಗುರುವಾರದ ಅಮೆರಿಕನ್ ಹಬ್ಬ ಥ್ಯಾಂಕ್ಸ್‌ಗಿವಿಂಗ್‌ಗೆ ಮುಂಚಿನ ಶನಿವಾರ ಬಂತೆಂದರೆ ಮ್ಯಾಡಿಸನ್‌ನ ನಮ್ಮ ಆಫೀಸಿನಲ್ಲಿ ಅರ್ಧ ಕುರ್ಚಿಗಳು ಖಾಲಿ. ವಿಸ್ಕಾನ್ಸಿನ್ ರಾಜ್ಯದಲ್ಲಿ ಅಂದಿನಿಂದ ಒಂಬತ್ತು ದಿನ ಕೋವಿಯಿಂದ ಜಿಂಕೆ ಬೇಟೆ. ಸುಮಾರು 5.5 ಲಕ್ಷ ಜನ ಲೈಸೆನ್ಸ್ ತೆಗೆದುಕೊಂಡು ಕಾಡು ಸೇರುತ್ತಾರೆ. ಇಷ್ಟು ವರ್ಷ ದೂರದಿಂದ ನೋಡಿದ್ದ ನಾನು ಕಳೆದ ನವೆಂಬರ್‌ನಲ್ಲಿ ಸಹೋದ್ಯೋಗಿಯೊಬ್ಬರ ಕುಟುಂಬದ ಜೊತೆ ಹೋಗಿಬಂದೆ. ಹೋಗಬೇಕೆಂದಿರುವ ಕನ್ನಡದವರು ಇಬ್ಬರು ಮೂವರು ಫೋನ್ ಮಾಡಿ ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಯಾವ ಕೋವಿ ಒಳ್ಳೆಯದು, ಕೊಂಬು ಎಷ್ಟು ಕವಲಿನದು ಸಿಗುತ್ತದೆ ಅನ್ನುವುದನ್ನು ಬೇರೆಯವರು ಹೇಳುತ್ತಾರೆ. ನಾನು ಹೇಳುವುದು ಹೋದವರೆಲ್ಲ ವಾಪಸ್ ಬರುವ ವಿಚಾರ.

ನನ್ನ ಊರು ಮಲೆನಾಡು. ಮನೆಯಲ್ಲಿ ಕೇಪಿನ ಕೋವಿಯೂ ಒಂದು ಒಂಟಿ ನಳಿಗೆಯ ತೋಟಾ ಕೋವಿಯೂ ಇದ್ದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಅನ್ನುವುದು ಕಾನೂನಿನ ಪ್ರಕಾರ ಮುಗಿಯುತ್ತ ಬಂತು, ಆದರೆ ಕಥೆಗಳು ಉಳಿದವು. ಅಜ್ಜ ಎಷ್ಟು ಶಿಕಾರಿ ಕಥೆ ಹೇಳಿದರೂ ಒಂದನ್ನು ಮಾತ್ರ ಪೂರ್ತಿ ಹೇಳುತ್ತಿರಲಿಲ್ಲ. ಒಬ್ಬ ಹಳು ನುಗ್ಗಿ, ಅಂದರೆ ಪೊದೆಯೊಳಗಿಂದ ಪ್ರಾಣಿ ಎಬ್ಬಿಸುತ್ತ, ಬರುತ್ತಿದ್ದನಂತೆ. ಬಿಲ್ಲಿಗೆ, ಅಂದರೆ ಪ್ರಾಣಿ ಬರುವ ದಾರಿ ಕಾಯಲು, ನಿಂತಿದ್ದವನು ಹಂದಿ ಬಂತೆಂದು ಈಡು ಹೊಡೆದನಂತೆ. ಸತ್ತವನೂ ಹೊಡೆದವನೂ ಭಾವ ಮೈದುನರು. ಈಗಲೂ ಮಳೆಗಾಲ ಮುಗಿದ ಮೇಲೆ ಊರ ಕಡೆಯ ಪತ್ರಿಕೆಗಳ ಒಳಪುಟದಲ್ಲಿ ಅಂಥದೇ ಸುದ್ದಿ ಬರುತ್ತದೆ: ಪ್ರಾಣಿ ಎಂದುಕೊಂಡು ಜೊತೆಗಾರನಿಗೇ ಗುಂಡು. ಅದನ್ನು ಕದ್ದು ಮಾಡುವ ಬೇಟೆಯ ಫಲವೆಂದೇ ತಿಳಿದಿದ್ದೆ. ಲೈಸೆನ್ಸು, ತರಬೇತಿ, ಬೇಟೆಯ ಮೇಲೆ ಕಣ್ಣಿಡುವ ವಾರ್ಡನ್ ಎಲ್ಲ ಇರುವ ದೇಶದಲ್ಲೂ ಅದೇ ತಪ್ಪು ಅದೇ ರೀತಿ ನಡೆಯುತ್ತದೆ ಅನ್ನುವುದು ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು.

ಮೊದಲು ಕಾಗದಪತ್ರ. ಇಲ್ಲಿ ನಮ್ಮವರು ಎಡವುವ ಸಾಧ್ಯತೆ ಹೆಚ್ಚು. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಇದಕ್ಕೆ ಇರುವ ಕೆಲವು ವಿನಾಯಿತಿಗಳಲ್ಲಿ ಒಂದು, ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಕೈಯಲ್ಲಿರುವುದು. "ಸುಮ್ಮನೆ ರೇಂಜಿಗೆ ಬಾ, ನಾಲ್ಕು ಸುತ್ತು ಹೊಡೆದು ನೋಡು" ಎಂದು ಗುರಿ ಅಭ್ಯಾಸದ ಜಾಗಕ್ಕೆ ಸ್ನೇಹಿತರು ಪ್ರೀತಿಯಿಂದಲೇ ಕರೆಯುತ್ತಾರೆ. ಲೈಸೆನ್ಸ್ ಬರುವವರೆಗೆ ಹೋಗಬೇಡಿ, ಫೋಟೋಗೆಂದೂ ಹಿಡಿಯಬೇಡಿ. ಇದು ದಂಡ ಕಟ್ಟಿ ಮುಗಿಯುವ ತಪ್ಪಲ್ಲ, ವೀಸಾಕ್ಕೇ ಸಂಚಕಾರ. ಅನುಮಾನವಿದ್ದರೆ ನಿಮ್ಮ ಇಮಿಗ್ರೇಶನ್ ವಕೀಲರನ್ನು ಮೊದಲು ಕೇಳಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿರ್ಬಂಧ ಇಲ್ಲ.

1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆ ಸುರಕ್ಷತೆಯ ತರಬೇತಿ ಮುಗಿಸಿರಬೇಕು. ತರಬೇತಿ ಇಲ್ಲದವರು ಅನುಭವಿಯೊಬ್ಬರ ಕೈಗೆಟುಕುವಷ್ಟು ಹತ್ತಿರದಲ್ಲೇ ಇದ್ದು ಬೇಟೆಯಾಡಲು ಬೇರೊಂದು ವ್ಯವಸ್ಥೆ ಇದೆ. ದೊಡ್ಡವರು ತರಬೇತಿಯನ್ನು ಆನ್‌ಲೈನಿನಲ್ಲೇ ಮುಗಿಸಬಹುದು, ಆದರೂ ತರಗತಿಗೆ ಹೋಗಿ ಅನ್ನುವುದು ನನ್ನ ಒತ್ತಾಯ. ನಾನು ಹೋದ ತರಗತಿಯಲ್ಲಿ ಹನ್ನೆರಡು ವರ್ಷದ ಹುಡುಗ ಹುಡುಗಿಯರ ನಡುವೆ ನಾನೊಬ್ಬನೇ ನರೆತ ಕೂದಲಿನವನು. ಕೋವಿಯನ್ನು ಒಬ್ಬರ ಕೈಯಿಂದ ಇನ್ನೊಬ್ಬರಿಗೆ ದಾಟಿಸುವುದನ್ನೇ ಆ ಮಕ್ಕಳು ಮುಕ್ಕಾಲು ಗಂಟೆ ಅಭ್ಯಾಸ ಮಾಡಿದರು: ಕೋವಿಯಲ್ಲಿ ತೋಟಾ ಕೂರುವ ಕೋಣೆ ತೆರೆದು, ಒಳಗೆ ಖಾಲಿ ಇದೆಯೆಂದು ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ, ಆಮೇಲೆ ಕೊಡುವುದು. ತೆಗೆದುಕೊಂಡವರು ಮತ್ತೆ ತಾವೇ ನೋಡುವುದು. ಕೊಟ್ಟವರ ಮಾತನ್ನು ನಂಬಿದರೆ ಮೇಷ್ಟ್ರು ಮೊದಲಿನಿಂದ ಮಾಡಿಸುತ್ತಿದ್ದರು.

ಇಷ್ಟು ಕಟ್ಟುನಿಟ್ಟಿಗೆ ಕಾರಣವಿದೆ. 1966ರಲ್ಲಿ ಇಲ್ಲಿ ಪ್ರತಿ ಒಂದು ಲಕ್ಷ ಬೇಟೆಗಾರರಲ್ಲಿ 44 ಜನ ಗುಂಡೇಟಿನ ಅವಘಡಕ್ಕೆ ಸಿಕ್ಕಿದ್ದರು. 1967ರಲ್ಲಿ ತರಬೇತಿ ಶುರುವಾಯಿತು, 1980ರಲ್ಲಿ ಕಣ್ಣು ಕುಕ್ಕುವ ಕಿತ್ತಳೆ ಬಟ್ಟೆ ಕಡ್ಡಾಯವಾಯಿತು, 1985ರಲ್ಲಿ ತರಬೇತಿಯೂ ಕಡ್ಡಾಯವಾಯಿತು. ಈಗ ಆ ಲೆಕ್ಕ ಲಕ್ಷಕ್ಕೆ ಸುಮಾರು ನಾಲ್ಕಕ್ಕೆ ಇಳಿದಿದೆ. ಕೋವಿ ಕಡಿಮೆಯಾಗಿದ್ದರಿಂದ ಇಳಿದದ್ದಲ್ಲ. ಹಿಡಿಯುವ ಕೈಗೆ ಅಭ್ಯಾಸ ಆಗಿದ್ದರಿಂದ.

ಬಟ್ಟೆ ವಿಚಾರ. ಸೊಂಟದ ಮೇಲೆ ಕಾಣುವ ಬಟ್ಟೆಯಲ್ಲಿ ಕನಿಷ್ಠ ಅರ್ಧದಷ್ಟು ಹೊಳೆಯುವ ಕಿತ್ತಳೆ ಇರಬೇಕು. 2016ರಿಂದ ಹೊಳೆಯುವ ಗುಲಾಬಿಯೂ ಆಗುತ್ತದೆ. ಟೋಪಿ ಹಾಕಿದರೆ ಅದರಲ್ಲೂ ಅರ್ಧ. ಇದು ಕಾನೂನಿನ ಅಳತೆ. ನೀವು ಟೋಪಿಯಿಂದ ಕೈಗವಸಿನವರೆಗೆ ಪೂರ್ತಿ ಕಿತ್ತಳೆಯಲ್ಲೇ ಇರಿ. ಜಿಂಕೆಯ ಕಣ್ಣಿಗೆ ಈ ಬಣ್ಣ ನಮಗೆ ಕಂಡಂತೆ ಉರಿಯುವುದಿಲ್ಲ, ಮಂಕಾಗಿ ಕಾಣುತ್ತದೆ, ಹಾಗಾಗಿ ಬೇಟೆಗೆ ಅಡ್ಡಿಯೇನೂ ಇಲ್ಲ. ಬೆನ್ನಿಗೆ ಚೀಲ ಹಾಕಿದರೆ ಹಿಂದಿನಿಂದ ಕಿತ್ತಳೆ ಮುಚ್ಚಿಹೋಗುತ್ತದೆ, ಚೀಲದ ಮೇಲೂ ಒಂದು ಬಟ್ಟೆ ಕಟ್ಟಿ. ಬಿಳಿ ಕರವಸ್ತ್ರ, ಬಿಳಿ ಕೈಗವಸು ಮನೆಯಲ್ಲೇ ಬಿಡಿ. ಇಲ್ಲಿನದು ಬಿಳಿಬಾಲದ ಜಿಂಕೆ, ಓಡುವಾಗ ಬಾಲ ಎತ್ತಿದರೆ ಪೊದೆಯ ನಡುವೆ ಆ ಬಿಳಿಯೊಂದೇ ಮಿಂಚುವುದು. 1988ರ ನವೆಂಬರ್‌ನಲ್ಲಿ ಮೇನ್ ರಾಜ್ಯದ ಹರ್ಮನ್ ಎಂಬಲ್ಲಿ ಹೆಣ್ಣುಮಗಳೊಬ್ಬಳು ತನ್ನ ಮನೆಯ ಹಿತ್ತಲಲ್ಲೇ ಬೇಟೆಗಾರನ ಗುಂಡಿಗೆ ಸತ್ತಳು. ಕೈಯಲ್ಲಿ ಬಿಳಿ ಗವಸು. ಮನೆಯೊಳಗೆ ಅವಳ ಅವಳಿ ಹಸುಗೂಸುಗಳು. ಹೊಡೆದವನ ಕೋವಿಗೆ ದುರ್ಬೀನೂ ಇತ್ತು. ನ್ಯಾಯಾಲಯದಲ್ಲಿ ಅವನು ಖುಲಾಸೆಯಾದ. ಗವಸು ಹಾಕಿಕೊಂಡಿದ್ದು ಅವಳದೇ ತಪ್ಪೆಂದು ಆಡಿದವರೂ ಇದ್ದರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಗುರಿ ಏನೆಂದು ಖಚಿತ ಮಾಡಿಕೊಳ್ಳದೆ ಹೊಡೆಯಬಾರದು ಎಂದು ಆ ರಾಜ್ಯ ಆಮೇಲೆ ಕಾನೂನನ್ನೇ ಮಾಡಿತು.

ನಾವು ಹೋದದ್ದು ರಾಜ್ಯದ ಉತ್ತರದ ಹೇವರ್ಡ್ ಊರಿನ ಕಡೆ. ದಾರಿ ಸುಲಭ. ಮ್ಯಾಡಿಸನ್‌ನಿಂದ ಅಲ್ಲಿಗೆ ಐ-94 ಹಿಡಿದು ಓ ಕ್ಲೇರ್‌ವರೆಗೆ, ಅಲ್ಲಿಂದ ಹೆದ್ದಾರಿ 53ರಲ್ಲಿ ಉತ್ತರಕ್ಕೆ, ಕೊನೆಗೆ 63. ಐದು ಗಂಟೆಯ ದಾರಿ ಎಂದುಕೊಳ್ಳಿ. ಶುಕ್ರವಾರ ಮಧ್ಯಾಹ್ನದೊಳಗೆ ಹೊರಟರೆ ಬೆಳಕಿರುವಾಗಲೇ ಜಾಗ ನೋಡಿಕೊಳ್ಳಬಹುದು. ರೈಫಲ್ ಖಾಲಿಯಾಗಿಯೇ ಕಾರಿನಲ್ಲಿರಬೇಕು, ಇದು ಕಾನೂನು. ತೋಟಾದ ಪೆಟ್ಟಿಗೆ ಬೇರೆ ಚೀಲದಲ್ಲಿರಲಿ. ಕಾಡಿನಲ್ಲಿ ಫೋನ್ ಸಿಗ್ನಲ್ ನಂಬುವಂತಿಲ್ಲ. ರಕ್ತ ನಿಲ್ಲಿಸುವ ಟೂರ್ನಿಕೆ ಪಟ್ಟಿಯೊಂದನ್ನು ಕೊಂಡು, ಕಟ್ಟುವುದನ್ನು ಮನೆಯಲ್ಲೇ ಕಲಿತು, ಮೇಲಿನ ಜೇಬಿನಲ್ಲೇ ಇಟ್ಟುಕೊಳ್ಳಿ.

ನಾವು ಉಳಿದದ್ದು ಸಹೋದ್ಯೋಗಿಯ ತಂದೆಯ ಮರದ ಮನೆಯಲ್ಲಿ. ಎಪ್ಪತ್ತು ದಾಟಿದ ಅವರು ಬಾಗಿಲಲ್ಲೇ ಎಲ್ಲರ ಕೋವಿ ತೆಗೆಸಿ, ಖಾಲಿ ಮಾಡಿಸಿ, ಹೊರಗಿನ ಚಾವಡಿಯಲ್ಲಿ ಸಾಲಾಗಿ ನಿಲ್ಲಿಸಿದರು. ತಣ್ಣಗಿನ ಕೋವಿ ಬೆಚ್ಚನೆಯ ಕೋಣೆಗೆ ಬಂದರೆ ಬೆವರುತ್ತದೆ, ಆ ನೀರು ಮತ್ತೆ ಹೊರಗೆ ಹೋದಾಗ ಹೆಪ್ಪುಗಟ್ಟುತ್ತದೆ ಎಂದರು. ಬೀರು, ವಿಸ್ಕಿ ಎಲ್ಲ ಇತ್ತು, ಆದರೆ ಹೊರಬಂದದ್ದು ಕೋವಿಗಳಿಗೆ ಬೀಗ ಬಿದ್ದ ಮೇಲೆ. ಇಂಥ ನಿಯಮ ಇಲ್ಲದ ಕ್ಯಾಂಪಿಗೆ ಯಾರಾದರೂ ಕರೆದರೆ ಹೋಗಬೇಡಿ, ಸಂಕೋಚ ಪಡಬೇಡಿ. ಊಟಕ್ಕೆ ನಾನು ಒಯ್ದಿದ್ದ ಅವಲಕ್ಕಿ ಒಗ್ಗರಣೆಯೂ ಚಟ್ನಿಪುಡಿಯೂ ಎರಡನೇ ದಿನಕ್ಕೆ ಖಾಲಿ.

ನಾಲ್ಕು ಸೂತ್ರ ಅವರು ಮಲಗುವ ಮುಂಚೆ ನನ್ನಿಂದ ಬಾಯಿಪಾಠ ಮಾಡಿಸಿದರು. ಪ್ರತಿ ಕೋವಿಯಲ್ಲೂ ತೋಟಾ ಇದೆಯೆಂದೇ ತಿಳಿ. ನಳಿಗೆ ಯಾವಾಗಲೂ ಅಪಾಯವಿಲ್ಲದ ಕಡೆಗೇ ಇರಲಿ. ಗುರಿಯೂ ಅದರಾಚೆ ಇರುವುದೂ ಏನೆಂದು ಖಚಿತವಾಗಲಿ. ಹೊಡೆಯುವ ಕ್ಷಣದವರೆಗೆ ಬೆರಳು ಟ್ರಿಗರಿನ ಬಳೆಯಿಂದ ಹೊರಗಿರಲಿ. ಕೇಳಲು ಸುಲಭ. ಆದರೆ ಮೈ ಕೊರೆಯುವ ಚಳಿಯಲ್ಲಿ, ದಪ್ಪ ಗವಸಿನೊಳಗೆ ಬೆರಳು ಎಲ್ಲಿದೆಯೆಂದು ನಮಗೇ ತಿಳಿಯುವುದಿಲ್ಲ. ಟ್ರಿಗರಿನ ಕೈಗೆ ತೆಳು ಗವಸು ಹಾಕಿ, ಬಿಸಿಗೆ ಜೇಬಿನಲ್ಲಿ ಕೈಬಿಸಿ ಪೊಟ್ಟಣ ಇಟ್ಟುಕೊಳ್ಳಿ.

ಕಾನೂನಿನ ಹೊತ್ತು ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚೆ ಶುರುವಾಗುತ್ತದೆ. ಆಗ ಕಾಡು ಇನ್ನೂ ಬೂದಿ ಬಣ್ಣದಲ್ಲೇ ಇರುತ್ತದೆ. ನಾನೂ ಆ ಹಿರಿಯರೂ ಬಿದ್ದ ಮರವೊಂದಕ್ಕೆ ಒರಗಿ ಕೂತಿದ್ದೆವು. ಏಳೂವರೆಯ ಸುಮಾರಿಗೆ ನಮ್ಮ ಮುಂದೆ, ನೂರು ಗಜದ ಆಚೆ ಇರಬಹುದು, ಹೇಜಲ್ ಪೊದೆಗಳ ನಡುವೆ ಕಂದು ಬಣ್ಣದ್ದೇನೋ ಅಲುಗಿತು. ಬಿಳಿಯದೊಂದು ಮಿಂಚಿ ಮರೆಯಾಯಿತು. ನನಗೆ ಜಿಂಕೆಯೇ ಕಂಡಿತು. ಇದನ್ನು ಒತ್ತಿ ಹೇಳುತ್ತೇನೆ: ಜಿಂಕೆ ಇರಬಹುದು ಅನ್ನಿಸಿದ್ದಲ್ಲ. ಬೆನ್ನು, ಕುತ್ತಿಗೆ, ಒಂದು ಕಿವಿ, ಎಲ್ಲ ಕಂಡಿತು. ಕೋವಿ ಅರ್ಧ ಎತ್ತಿದ್ದೆ. ಹಿರಿಯರು ಏನೂ ಹೇಳದೆ ನಳಿಗೆಯ ಮೇಲೆ ಅಂಗೈ ಇಟ್ಟು ಕೆಳಗೊತ್ತಿದರು, ಬೈನಾಕ್ಯುಲರನ್ನು ನನ್ನ ಕೈಗೆ ಕೊಟ್ಟರು. ನೋಡಿದೆ. ಕಂದು ಕೋಟಿನ ಮನುಷ್ಯ. ನಡೆದು ಸೆಕೆಯಾಗಿ ಕಿತ್ತಳೆ ಅಂಗಿ ಬಿಚ್ಚಿ ತೋಳ ಮೇಲೆ ಹಾಕಿಕೊಂಡಿದ್ದ, ಕಾಗದದ ಕರವಸ್ತ್ರದಿಂದ ಮೂಗು ಒರೆಸಿಕೊಳ್ಳುತ್ತಿದ್ದ.

ಸೇಫ್ಟಿ ಹಾಕಿಯೇ ಇತ್ತು, ಬೆರಳು ಹೊರಗೇ ಇತ್ತು. ಆದರೂ ಕೈ ನಡುಗುವುದು ನಿಲ್ಲಲು ಬಹಳ ಹೊತ್ತು ಬೇಕಾಯಿತು. ಅಜ್ಜ ಹೇಳದೆ ಬಿಟ್ಟ ಕಥೆಯಲ್ಲಿ ಬಿಲ್ಲಿಗೆ ನಿಂತವನು ಕುಡಿದಿರಬೇಕು, ಕಣ್ಣು ಮಂದವಿರಬೇಕು ಎಂದೆಲ್ಲ ಅಂದುಕೊಂಡಿದ್ದೆ. ಅವನಿಗೂ ಹಂದಿಯೇ ಕಂಡಿರುತ್ತದೆ. ಗಂಟೆಗಟ್ಟಲೆ ಒಂದನ್ನೇ ಕಾದ ಕಣ್ಣಿಗೆ ಅದು ಇಲ್ಲದಿದ್ದರೂ ಕಾಣುತ್ತದೆ. ಆದ್ದರಿಂದ ಈ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ನೋಡಲು ಕೋವಿಯ ದುರ್ಬೀನು ಬಳಸಬೇಡಿ, ಅದರಲ್ಲಿ ನೋಡಿದರೆ ಕೋವಿಯ ಬಾಯಿ ಆಗಲೇ ಮನುಷ್ಯನ ಕಡೆ ತಿರುಗಿರುತ್ತದೆ. ಕುತ್ತಿಗೆಗೆ ಬೇರೆ ಬೈನಾಕ್ಯುಲರ್ ನೇತುಹಾಕಿಕೊಳ್ಳಿ. ಪ್ರಾಣಿಯ ಇಡೀ ಮೈ ಕಾಣುವವರೆಗೆ, ತಲೆ ಯಾವ ಕಡೆ, ಹಿಂದೆ ಏನಿದೆ ಎಂದು ನಿಮಗೆ ನೀವೇ ಪಿಸುಗುಟ್ಟಿ ಹೇಳಿಕೊಳ್ಳುವವರೆಗೆ ಎತ್ತಬೇಡಿ. ರೈಫಲಿನ ಗುಂಡು ಎರಡು ಮೈಲಿಗಿಂತ ಆಚೆಗೂ ಹೋಗಬಲ್ಲದು. ಜಿಂಕೆಯ ಹಿಂದೆ ಮಣ್ಣಿನ ದಿಬ್ಬ ಇಲ್ಲದೆ ಬರೀ ಆಕಾಶ ಕಂಡರೆ ಅದು ನಿಮ್ಮ ಜಿಂಕೆಯಲ್ಲ.

ಭಾನುವಾರ ಮಧ್ಯಾಹ್ನ ಐದಾರು ಜನ ಸೇರಿ ಜಿಂಕೆ ಎಬ್ಬಿಸುವುದೆಂದಾಯಿತು, ನಮ್ಮ ಹಳು ನುಗ್ಗುವುದೇ. ಕೆಲವರು ಕಾಡೊಳಗೆ ಸಾಲಾಗಿ ನಡೆದು ಬರುವುದು, ಉಳಿದವರು ತುದಿಯಲ್ಲಿ ಕಾಯುವುದು. ಅವಘಡಗಳಿಗೆ ಹೇಳಿ ಮಾಡಿಸಿದ ಸಂದರ್ಭ ಇದು: ಜಿಂಕೆ ಓಡುತ್ತದೆ, ಕೋವಿ ಅದರ ಜೊತೆಗೇ ತಿರುಗುತ್ತದೆ, ತಿರುಗುವ ದಾರಿಯಲ್ಲಿ ಗೆಳೆಯ ನಿಂತಿರುತ್ತಾನೆ. ನಕ್ಷೆ ಹರಡಿ ಯಾರು ಎಲ್ಲಿ ನಿಲ್ಲುವುದು, ಯಾರ ಕೋವಿ ಎಲ್ಲಿಂದ ಎಲ್ಲಿಗೆ ಮಾತ್ರ ತಿರುಗಬಹುದು ಎಂದು ಹಿರಿಯರು ಬೆರಳಿಟ್ಟು ತೋರಿಸಿದರು. ನಾನು ಕೋವಿ ಇಲ್ಲದೆ ನಡೆಯುವವರ ಸಾಲಿಗೆ ಸೇರಿದೆ. ಮೊದಲ ವರ್ಷ ನೀವೂ ಹಾಗೇ ಮಾಡಿ.

ಮರದ ಮೇಲಿನ ಅಟ್ಟಣೆಗೆ ಹತ್ತುವವರು ನೆಲ ಬಿಡುವಾಗಿನಿಂದ ಇಳಿಯುವವರೆಗೆ ಮೈಗೆ ಬೆಲ್ಟು ಕಟ್ಟಿಕೊಂಡಿರಬೇಕು. ಕೋವಿಯನ್ನು ಖಾಲಿ ಮಾಡಿ, ಬಾಯಿ ಕೆಳಗಾಗಿ ಹಗ್ಗಕ್ಕೆ ಕಟ್ಟಿ ಆಮೇಲೆ ಎಳೆದುಕೊಳ್ಳಬೇಕು. ಬೇಲಿ ದಾಟುವಾಗಲೂ ಮೊದಲು ಖಾಲಿ ಮಾಡಿ. ಹಿಮದಲ್ಲಿ ಜಾರಿ ಬಿದ್ದರೆ ಎದ್ದ ಕೂಡಲೇ ತೋಟಾ ತೆಗೆದು ನಳಿಗೆಯೊಳಗೆ ಹಿಮವೋ ಮಣ್ಣೋ ಸಿಕ್ಕಿದೆಯೇ ನೋಡಿ, ಕಟ್ಟಿಕೊಂಡ ನಳಿಗೆ ಸಿಡಿಯುತ್ತದೆ.

ಬೇಟೆಯ ಆಸಕ್ತಿಯೇ ಇಲ್ಲದೆ ಆ ವಾರ ಐಸ್ ಏಜ್ ಟ್ರೇಲ್ ಎಂಬ ಇಲ್ಲಿನ ಕಾಲುದಾರಿಯಲ್ಲಿ ಮಕ್ಕಳ ಜೊತೆ ನಡೆಯಲು ಹೋಗುವ ನಮ್ಮವರು ಬಹಳ. ರಜೆ ಇರುತ್ತದಲ್ಲ. ನಿಮಗೂ ಕಿತ್ತಳೆ ಅಂಗಿ ಬೇಕು, ಮಕ್ಕಳಿಗೂ ನಾಯಿಗೂ ಬೇಕು. ಮುಂಜಾನೆ ಮುಸ್ಸಂಜೆ ಬಿಟ್ಟು ನಡುಹಗಲು ನಡೆಯಿರಿ, ಮಾತಾಡುತ್ತ ನಡೆಯಿರಿ.

ನನಗೆ ಜಿಂಕೆ ಸಿಗಲಿಲ್ಲ. ಸಿಕ್ಕವರು ಮರುದಿನ ಸಂಜೆ ಐದರೊಳಗೆ ಫೋನಿನಲ್ಲೋ ಆನ್‌ಲೈನಿನಲ್ಲೋ ನೋಂದಾಯಿಸಬೇಕು. ವಾಪಸ್ ಹೊರಡುವುದನ್ನು ಮಾತ್ರ ಬೆಳಗ್ಗೆಯೇ ಇಟ್ಟುಕೊಳ್ಳಿ. ನವೆಂಬರ್ ಕೊನೆಯಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ, ಒಂಬತ್ತು ದಿನ ಬೆದರಿದ ಜಿಂಕೆಗಳು ಹೆದ್ದಾರಿ 53ನ್ನು ದಾಟುವ ಹೊತ್ತು ಅದೇ. ಒಂದು ದಾಟಿದರೆ ಬ್ರೇಕಿನ ಮೇಲಿನ ಕಾಲು ತೆಗೆಯಬೇಡಿ, ಹಿಂದೆ ಇನ್ನೆರಡು ಬರುತ್ತಿರುತ್ತವೆ.